ಮೊದಲು ಸೂಪು, ಆಮೇಲೆ ಅರ್ಜಿ: ಕೆನಡಾದ ಫ್ರೆಂಡ್‌ಶಿಪ್ ಸೆಂಟರ್‌ಗಳ ಒಳಗೆ

ಕೆನಡಾದ ನಗರವೊಂದರಲ್ಲಿ ಮೂಲನಿವಾಸಿ ಹೆಂಗಸೊಬ್ಬರು ಸಹಾಯ ಕೇಳಿಕೊಂಡು ಸರ್ಕಾರಿ ಕಚೇರಿಗೆ ಹೋದರೆ ಕೌಂಟರಿನ ಆಚೆಯಿಂದ ಬರುವ ಮೊದಲ ಮಾತು ಸಾಮಾನ್ಯವಾಗಿ ಗುರುತಿನ ಚೀಟಿಯದ್ದು: ಸ್ಟೇಟಸ್ ಕಾರ್ಡ್ (ಕಾನೂನಿನ ಪ್ರಕಾರ ನೋಂದಾಯಿತ ಮೂಲನಿವಾಸಿ ಎಂಬ ಗುರುತು) ಇದೆಯಾ, ಯಾವ ಬ್ಯಾಂಡಿಗೆ, ಅಂದರೆ ಸರ್ಕಾರ ಗುರುತಿಸಿದ ಯಾವ ಸಮುದಾಯಕ್ಕೆ ಸೇರಿದವರು, ವಿಳಾಸಕ್ಕೆ ಪುರಾವೆ ಏನು. ಅದೇ ಹೆಂಗಸು ನಗರದ ಮೂಲನಿವಾಸಿಗಳೇ ನಡೆಸುವ ಫ್ರೆಂಡ್‌ಶಿಪ್ ಸೆಂಟರಿನ ಬಾಗಿಲು ತಳ್ಳಿ ಒಳಗೆ ಬಂದರೆ ಕಿವಿಗೆ ಬೀಳುವುದು ಬೇರೆ. ಕಾಫಿ ಅಲ್ಲಿದೆ, ಸೂಪು ಬಿಸಿಯಾಗಿದೆ, ಕೂತ್ಕೊಳ್ಳಿ. ಸ್ವಲ್ಪ ಹೊತ್ತಿನ ಮೇಲೆ ಪಕ್ಕದಲ್ಲಿ ಕೂತ ಹಿರಿಯರು ಯಾವೂರು, ಯಾರ ಮನೆಯವರು ಎಂದು ವಿಚಾರಿಸುತ್ತಾರೆ. ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಕೇಳುವ ಪ್ರಶ್ನೆಯೇ ಇದು, ಉದ್ದೇಶವೂ ಅದೇ: ನಿಮಗೂ ನಮಗೂ ಎಲ್ಲಾದರೂ ನೆಂಟಸ್ತಿಕೆ ಇದೆಯಾ ಎಂದು ಹುಡುಕುವುದು. ಅರ್ಜಿ ಫಾರಂ ಹೊರಬರುವುದು ಇದೆಲ್ಲ ಆದ ಮೇಲೆ, ಕೆಲವು ಸಲ ಮೂರನೆಯ ಅಥವಾ ನಾಲ್ಕನೆಯ ಭೇಟಿಯಲ್ಲಿ.

ಈ ಕ್ರಮವನ್ನು ಉಪಚಾರ ಎಂದುಕೊಂಡರೆ ಈ ಕೇಂದ್ರಗಳು ಅರ್ಥವಾಗುವುದಿಲ್ಲ. ಕೇಂದ್ರದ ಕೆಲಸವೆಲ್ಲ ನಿಂತಿರುವುದೇ ಇದರ ಮೇಲೆ. ಫಾರಂ ಎಂದರೆ ಭಯ ಬೀಳುವುದಕ್ಕೆ ಈ ಜನರಿಗೆ ನೂರು ವರ್ಷಗಳ ಕಾರಣ ಇದೆ.

ಕೆನಡಾದಲ್ಲಿ ಇಂಥ ನೂರಕ್ಕೂ ಹೆಚ್ಚು ಕೇಂದ್ರಗಳಿವೆ. ಪ್ರತಿಯೊಂದೂ ಸ್ವತಂತ್ರ ಸಂಸ್ಥೆ. ಸದಸ್ಯರು ವಾರ್ಷಿಕ ಸಭೆಯಲ್ಲಿ ಆಡಳಿತ ಮಂಡಳಿಯನ್ನು ಆರಿಸುತ್ತಾರೆ, ಮಂಡಳಿ ನಿರ್ದೇಶಕರನ್ನು ನೇಮಿಸುತ್ತದೆ. ಅದರ ಮೇಲೆ ಪ್ರಾಂತ್ಯ ಮಟ್ಟದ ಒಕ್ಕೂಟಗಳು, ಎಲ್ಲದರ ಮೇಲೆ 1972ರಲ್ಲಿ ಶುರುವಾದ ರಾಷ್ಟ್ರೀಯ ಸಂಘ. ಸರ್ಕಾರದ ಹಣ ಬರುತ್ತದೆ, ಆದರೆ ಇವು ಸರ್ಕಾರದ ಇಲಾಖೆಗಳಲ್ಲ. ಒಳಗೆ ಬರುವವರು ಅದನ್ನೇ ಮೊದಲು ಖಾತ್ರಿ ಮಾಡಿಕೊಳ್ಳುತ್ತಾರೆ.

ಹೆಸರುಗಳ ಬಗ್ಗೆ ಒಂದು ಮಾತು. ಕೆನಡಾದ ಸಂವಿಧಾನ ಮೂರು ಮೂಲನಿವಾಸಿ ಸಮುದಾಯಗಳನ್ನು ಗುರುತಿಸುತ್ತದೆ: ಫಸ್ಟ್ ನೇಷನ್ಸ್, ಮೆಟೀ (ಮೂಲನಿವಾಸಿ ಮತ್ತು ಐರೋಪ್ಯ ಬೆರಕೆಯ ವಂಶದವರು), ಇನುಯಿಟ್ (ಉತ್ತರದ ಹಿಮಪ್ರದೇಶದವರು). 2021ರ ಜನಗಣತಿಯ ಪ್ರಕಾರ ಮೂವರೂ ಸೇರಿ ಸುಮಾರು 18 ಲಕ್ಷ, ದೇಶದ ಜನಸಂಖ್ಯೆಯ ಶೇ. 5. ಅವರಲ್ಲಿ 8 ಲಕ್ಷ ಮಂದಿ ದೊಡ್ಡ ನಗರಗಳಲ್ಲಿದ್ದಾರೆ. ಅಲ್ಲಿನ ಕಾನೂನು ಪುಸ್ತಕದಲ್ಲಿ ‘ಇಂಡಿಯನ್ ಆ್ಯಕ್ಟ್’ ಎಂದು ಕಂಡರೆ ಅದು ನಮ್ಮ ಬಗ್ಗೆ ಅಲ್ಲ, 1876ರಿಂದ ಫಸ್ಟ್ ನೇಷನ್ಸ್ ಜನರ ಬದುಕನ್ನು ಕಟ್ಟಿಹಾಕಿದ ಕಾನೂನು ಅದು. ನಮ್ಮ ಹಳೆಯ ಪಠ್ಯಗಳಲ್ಲಿದ್ದ ‘ರೆಡ್ ಇಂಡಿಯನ್’ ಪದವನ್ನು ಅಲ್ಲಿ ಬಾಯಿತಪ್ಪಿಯೂ ಆಡಬಾರದು.

ನಗರಕ್ಕೆ ಏಕೆ ಬಂದರು

ಎರಡನೆಯ ಮಹಾಯುದ್ಧದ ನಂತರ ರಿಸರ್ವ್‌ಗಳಿಂದ, ಅಂದರೆ ಸರ್ಕಾರ ಗುರುತು ಹಾಕಿ ಕೊಟ್ಟ ತುಂಡು ಭೂಮಿಗಳಿಂದ, ಜನ ಕೆಲಸಕ್ಕೆ, ಓದಿಗೆ, ಆಸ್ಪತ್ರೆಗೆ ಎಂದು ನಗರಗಳಿಗೆ ಬರತೊಡಗಿದರು. ಕೆಲವರು ತಾವಾಗಿ ಬಂದರು, ಕೆಲವರಿಗೆ ಊರಿನಲ್ಲಿ ಜಾಗವೇ ಉಳಿಯಲಿಲ್ಲ. ಸ್ಟೇಟಸ್ ಇಲ್ಲದ ಗಂಡಸನ್ನು ಮದುವೆಯಾದ ಹೆಂಗಸು ತನ್ನ ಸ್ಟೇಟಸ್ಸನ್ನು ಕಳೆದುಕೊಳ್ಳುತ್ತಿದ್ದಳು, ಅದರ ಜೊತೆಗೆ ರಿಸರ್ವ್‌ನಲ್ಲಿ ವಾಸಿಸುವ ಹಕ್ಕನ್ನೂ. ಈ ನಿಯಮ ಹೋಗಿದ್ದು 1985ರಲ್ಲಿ. ಅಷ್ಟರೊಳಗೆ ಎರಡು ಮೂರು ತಲೆಮಾರು ನಗರದಲ್ಲೇ ಹುಟ್ಟಿ ಬೆಳೆದಿತ್ತು.

ನಗರದಲ್ಲಿ ಬಾಡಿಗೆ ಮನೆ ಸಿಗುತ್ತಿರಲಿಲ್ಲ, ಭಾಷೆ ಕೇಳುವವರಿರಲಿಲ್ಲ. 1950ರ ದಶಕದ ಆರಂಭದಲ್ಲಿ ಟೊರಾಂಟೊ, ವ್ಯಾಂಕೂವರ್‌ಗಳಲ್ಲಿ ಒಂದಿಷ್ಟು ಮಂದಿ ಸೇರಿ ಕ್ಲಬ್ ಮಾಡಿಕೊಂಡರು. ಕೂತು ಮಾತಾಡಲು ಒಂದು ಕೋಣೆ ಬೇಕಿತ್ತು, ಅಷ್ಟೇ. 1959ರಲ್ಲಿ ವಿನಿಪೆಗ್‌ನಲ್ಲಿ ‘ಇಂಡಿಯನ್ ಅಂಡ್ ಮೆಟೀ ಫ್ರೆಂಡ್‌ಶಿಪ್ ಸೆಂಟರ್’ ತೆರೆಯಿತು. ಟೊರಾಂಟೊದ ಕ್ಲಬ್ಬು 1962ರಲ್ಲಿ ಕೇಂದ್ರವಾಯಿತು. ಇಂದು ಅದು ಸ್ಪಡೈನಾ ರಸ್ತೆಯಲ್ಲಿರುವ ನೇಟಿವ್ ಕೆನೇಡಿಯನ್ ಸೆಂಟರ್. ಸರ್ಕಾರದ ಮೊದಲ ನಿಯಮಿತ ಅನುದಾನ ಬಂದಿದ್ದು 1972ರಲ್ಲಿ. ಸರ್ಕಾರಿ ಯೋಜನೆ ಮೊದಲು, ಜನ ಆಮೇಲೆ ಎಂಬಂತೆ ಹುಟ್ಟಿದ್ದಲ್ಲ ಇದು. ಅದಕ್ಕೇ ಇಷ್ಟು ಕಾಲ ಉಳಿದಿದೆ.

ಇನ್ನು ಫಾರಂ ಭಯದ ಮೂಲಕ್ಕೆ ಬರೋಣ. ‘ವಸತಿ ಶಾಲೆ’ ಎಂದರೆ ನಮ್ಮ ಕಿವಿಗೆ ಒಳ್ಳೆಯ ಪದ. ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಸೀಟು ಸಿಕ್ಕಿತೆಂದರೆ ಮನೆಯವರು ಸಿಹಿ ಹಂಚುತ್ತಾರೆ. ಕೆನಡಾದ ಮೂಲನಿವಾಸಿಗಳಿಗೆ ಅದೇ ಪದ ಗಂಟಲು ಕಟ್ಟಿಸುತ್ತದೆ. 19ನೇ ಶತಮಾನದಿಂದ 1990ರ ದಶಕದವರೆಗೆ ಸರ್ಕಾರ ಮತ್ತು ಚರ್ಚುಗಳು ಸೇರಿ ನಡೆಸಿದ ಶಾಲೆಗಳಿಗೆ ಸುಮಾರು 1,50,000 ಮಕ್ಕಳನ್ನು ಕರೆದೊಯ್ದರು. ತಲೆಗೂದಲು ಕತ್ತರಿಸಿದರು, ತಾಯ್ನುಡಿ ಆಡಿದರೆ ಹೊಡೆದರು. ಸಾವಿರಾರು ಮಕ್ಕಳು ಮನೆಗೆ ಮರಳಲಿಲ್ಲ. 1950ರಿಂದ 80ರ ದಶಕದವರೆಗೆ ಇನ್ನೊಂದು ಅಲೆ: ಮಕ್ಕಳ ರಕ್ಷಣೆಯ ಹೆಸರಿನಲ್ಲಿ ಎತ್ತಿಕೊಂಡು ಹೋಗಿ ಬಿಳಿಯರ ಮನೆಗಳಿಗೆ ದತ್ತು ಕೊಟ್ಟರು. ಇದು ಹಳೆಯ ಕಥೆಯೂ ಅಲ್ಲ. 2021ರ ಗಣತಿಯಲ್ಲಿ 15ಕ್ಕಿಂತ ಕಿರಿಯ ಮಕ್ಕಳಲ್ಲಿ ಮೂಲನಿವಾಸಿಗಳು ಶೇ. 7.7. ಸಾಕುಮನೆಗಳಲ್ಲಿರುವ ಮಕ್ಕಳಲ್ಲಿ ಅವರು ಶೇ. 53.8. ಹೀಗಿರುವಾಗ ತಾಯಿಯೊಬ್ಬಳು ‘ಮನೆಯಲ್ಲಿ ಅಡುಗೆಗೆ ಸಾಮಾನಿಲ್ಲ’ ಎಂದು ಕಚೇರಿಯಲ್ಲಿ ಬಾಯಿಬಿಡಲು ಹೆದರುತ್ತಾಳೆ. ಹಾಗೆ ಹೇಳಿದರೆ ಸಾಮಾನು ಬರುವ ಬದಲು ಮಗು ಹೋಗಬಹುದು.

ಯಾರ ಜವಾಬ್ದಾರಿ ಎಂಬ ಜಗಳ

ನಗರದ ಮೂಲನಿವಾಸಿಗಳು ಇನ್ನೊಂದು ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿದ್ದಾರೆ. ರಿಸರ್ವ್ ಬಿಟ್ಟವರು ಪ್ರಾಂತ್ಯದ ಹೊಣೆ ಎಂದು ಒಟ್ಟಾವ, ಅಂದರೆ ಒಕ್ಕೂಟ ಸರ್ಕಾರ, ಹೇಳುತ್ತದೆ, ಮೂಲನಿವಾಸಿಗಳು ಒಟ್ಟಾವದ ಹೊಣೆ ಎಂದು ಪ್ರಾಂತ್ಯಗಳು ಹೇಳುತ್ತವೆ. ಮೆಟೀ ಜನರೂ ಸ್ಟೇಟಸ್ ಇಲ್ಲದವರೂ ಸಂವಿಧಾನದ ಪ್ರಕಾರ ಒಕ್ಕೂಟ ಸರ್ಕಾರದ ಅಧಿಕಾರವ್ಯಾಪ್ತಿಗೇ ಬರುತ್ತಾರೆ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಡಲು 2016 ಆಗಬೇಕಾಯಿತು.

ಈ ಜಗಳದ ಬೆಲೆ ಏನು ಎಂಬುದಕ್ಕೆ ಜೋರ್ಡನ್ ರಿವರ್ ಆ್ಯಂಡರ್ಸನ್ ಎಂಬ ಕ್ರೀ (ಫಸ್ಟ್ ನೇಷನ್ಸ್ ಸಮುದಾಯಗಳಲ್ಲೊಂದು) ಮಗುವಿನ ಹೆಸರನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ. ವೈದ್ಯರು ಮನೆಗೆ ಕರೆದೊಯ್ಯಬಹುದು ಎಂದ ಮೇಲೂ, ಮನೆಯ ಆರೈಕೆಯ ಖರ್ಚು ಯಾರದ್ದೆಂದು ಎರಡು ಸರ್ಕಾರಗಳು ಎರಡು ವರ್ಷಕ್ಕೂ ಮಿಗಿಲು ಕಿತ್ತಾಡಿದವು. 2005ರಲ್ಲಿ, ಐದು ವರ್ಷದ ಆ ಹುಡುಗ ಆಸ್ಪತ್ರೆಯಲ್ಲೇ ತೀರಿಕೊಂಡ. ಒಂದು ದಿನವೂ ತನ್ನ ಮನೆಯಲ್ಲಿ ಮಲಗಲಿಲ್ಲ. 2007ರಲ್ಲಿ ಸಂಸತ್ತು ಒಪ್ಪಿದ ‘ಜೋರ್ಡನ್ ತತ್ವ’ ಹೇಳುವುದು ಇಷ್ಟೇ: ಮೊದಲು ಯಾವ ಸರ್ಕಾರವನ್ನು ಕೇಳಿದರೋ ಅದು ಖರ್ಚು ಕೊಡಲಿ, ಲೆಕ್ಕ ಆಮೇಲೆ ಹಚ್ಚಿಕೊಳ್ಳಲಿ.

ಫ್ರೆಂಡ್‌ಶಿಪ್ ಸೆಂಟರ್‌ಗಳು ಈ ಮಾತನ್ನು ಮೊದಲಿನಿಂದ ತಮ್ಮ ಬಾಗಿಲಿಗೆ ಅನ್ವಯಿಸಿಕೊಂಡಿವೆ. ಕಾರ್ಡ್ ಇರಲಿ ಇಲ್ಲದಿರಲಿ, ಕ್ರೀ ಆಗಲಿ ಮೆಟೀ ಆಗಲಿ, ಇಪ್ಪತ್ತು ವರ್ಷ ದತ್ತು ಮನೆಯಲ್ಲಿ ಬೆಳೆದು ತನ್ನ ಊರು ಯಾವುದೆಂದೇ ತಿಳಿಯದವರಾಗಲಿ, ಒಳಗೆ ಬರಬಹುದು.

ಅಡುಗೆಮನೆಯಿಂದ ಕೋರ್ಟಿನವರೆಗೆ

ಕೇಂದ್ರವನ್ನು ನೋಡಬೇಕಾದ್ದು ಅಡುಗೆಮನೆಯ ಕಡೆಯಿಂದ. ಬ್ಯಾನಕ್ ಎಂಬ ರೊಟ್ಟಿಯಿಲ್ಲದ ಕೇಂದ್ರ ಇರಲಿಕ್ಕಿಲ್ಲ. ಮೂರು ಕಪ್ ಮೈದಾ, ಒಂದೂವರೆ ಟೇಬಲ್ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಉಪ್ಪು, ಒಂದಿಷ್ಟು ಕೊಬ್ಬು, ಸುಮಾರು ಒಂದು ಕಪ್ಪಿಗಿಂತ ಸ್ವಲ್ಪ ಹೆಚ್ಚು ನೀರು. ಕಲಸಿ, ತಟ್ಟಿ, ಬೇಯಿಸುತ್ತಾರೆ ಇಲ್ಲವೇ ಕರಿಯುತ್ತಾರೆ. ಚಪಾತಿ ಹಿಟ್ಟಿನ ಹಾಗೆ ಚೆನ್ನಾಗಿ ನಾದಿದರೆ ಕೆಟ್ಟಿತು, ಕಲ್ಲಾಗುತ್ತದೆ. ಎಂಟು ಹತ್ತು ಸಲ ಮಡಚಿದರೆ ಸಾಕು. ಮೈದಾ ಮತ್ತು ಕೊಬ್ಬು ಸರ್ಕಾರ ಕೊಡುತ್ತಿದ್ದ ರೇಷನ್ನಿನ ಸಾಮಾನು, ಬೇಟೆ ಮತ್ತು ಭೂಮಿ ಕಿತ್ತುಕೊಂಡ ಮೇಲೆ ಬಂದ ಊಟ. ಹಾಗಾಗಿ ಇದು ಅಜ್ಜಿಯ ಕೈರುಚಿಯೂ ಹೌದು, ಸಕ್ಕರೆ ಕಾಯಿಲೆಯ ಒಂದು ಕಾರಣವೂ ಹೌದು. ಸೋಮವಾರ ಬ್ಯಾನಕ್ ಕೊಡುವ ಅಡುಗೆಮನೆಯೇ ಬುಧವಾರ ಮಧುಮೇಹದ ತರಗತಿ ನಡೆಸುತ್ತದೆ. ಕಡವೆಯ ಬಳಗದ ಮೂಸ್ ಮಾಂಸದ ಸಾರು ಬಡಿಸಬೇಕೆಂದರೆ ಇನ್ನೊಂದು ಅಡ್ಡಿ: ಬೇಟೆಯ ಮಾಂಸಕ್ಕೆ ತಪಾಸಣೆಯ ಮುದ್ರೆ ಇರುವುದಿಲ್ಲ, ಆದ್ದರಿಂದ ಸಾರ್ವಜನಿಕ ಅಡುಗೆಮನೆಯಲ್ಲಿ ಬಡಿಸಲು ಆರೋಗ್ಯ ಇಲಾಖೆಯ ನಿಯಮ ನೋಡಿ, ಬೇಕಾದಲ್ಲಿ ಮುಂಚಿತವಾಗಿ ಅನುಮತಿ ಪಡೆಯಬೇಕು. ಅಜ್ಜ ಅಜ್ಜಿಯರಿಗೆ ನಿಜವಾಗಿ ಬೇಕಾದದ್ದು ಆ ಸಾರೇ.

ಊಟದ ಮೇಜಿನಿಂದ ಮುಂದಿನ ಕೆಲಸ ಶುರುವಾಗುತ್ತದೆ. ಮಣಿ ಪೋಣಿಸುವ ಗುಂಪಿನಲ್ಲಿ ಎರಡು ವಾರ ಸುಮ್ಮನೆ ಕೂತವರು ಮೂರನೆಯ ವಾರ ಸೂಜಿಯ ಮೇಲೆ ಕಣ್ಣಿಟ್ಟುಕೊಂಡೇ ‘ಮನೆ ಖಾಲಿ ಮಾಡಿ ಅಂತ ನೋಟಿಸ್ ಬಂದಿದೆ’ ಎನ್ನುತ್ತಾರೆ. ಎದುರುಬದುರು ಕೂತು ಕೇಳಿದ್ದರೆ ಬರುತ್ತಿರಲಿಲ್ಲ ಈ ಮಾತು. ಆಗ ವಸತಿ ಕೆಲಸಗಾರರ ಕೋಣೆ ಹತ್ತು ಹೆಜ್ಜೆ ದೂರ. ಹೊರಗಿನ ಕಚೇರಿಗೆ ಹೋಗಬೇಕಾದರೆ ಫೋನ್ ನಂಬರ್ ಬರೆದು ಕೊಟ್ಟು ಕಳಿಸುವುದಿಲ್ಲ, ಒಬ್ಬರು ಜೊತೆಗೆ ಹೋಗುತ್ತಾರೆ. ಚೀಟಿ ಕೊಟ್ಟು ಕಳಿಸಿದವರಲ್ಲಿ ಬಹಳಷ್ಟು ಮಂದಿ ಆ ಬಾಗಿಲವರೆಗೆ ಹೋಗುವುದೇ ಇಲ್ಲ. ಇದು ಈ ಕೆಲಸ ಮಾಡುವವರೆಲ್ಲ ಕಲಿತಿರುವ ಪಾಠ.

ಹಲವು ಕೇಂದ್ರಗಳಲ್ಲಿ 1995ರಲ್ಲಿ ಶುರುವಾದ ಹೆಡ್ ಸ್ಟಾರ್ಟ್ ಶಿಶುವಿಹಾರವಿದೆ. ಅದರ ಆರು ಅಂಗಗಳಲ್ಲಿ ಮೊದಲನೆಯದು ಸಂಸ್ಕೃತಿ ಮತ್ತು ಭಾಷೆ, ಕೊನೆಯದು ತಂದೆತಾಯಿಯರ ಪಾಲ್ಗೊಳ್ಳುವಿಕೆ. ಶಾಲೆ ಯಾವುದನ್ನು ಮುರಿದಿತ್ತೋ ಅದನ್ನೇ ಶಾಲೆಯ ಬಾಗಿಲಲ್ಲಿ ಕಟ್ಟುವ ಪ್ರಯತ್ನ. ಕೋರ್ಟಿಗೆ ಹೋಗಬೇಕಾದವರ ಜೊತೆ ಕೋರ್ಟ್ ವರ್ಕರ್ ಹೋಗುತ್ತಾರೆ. ಸುಪ್ರೀಂ ಕೋರ್ಟಿನ 1999ರ ಗ್ಲಾಡ್ಯೂ ತೀರ್ಪಿನ ಪ್ರಕಾರ ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರು ಮೂಲನಿವಾಸಿ ಆರೋಪಿಯ ಕುಟುಂಬದ ಹಿನ್ನೆಲೆ, ವಸತಿ ಶಾಲೆಯ ನೆರಳು, ಜೈಲಲ್ಲದ ಬೇರೆ ದಾರಿ ಇವನ್ನೆಲ್ಲ ನೋಡಲೇಬೇಕು. ಇದಕ್ಕಾಗಿ ನ್ಯಾಯಾಧೀಶರಿಗೆ ಕೊಡುವ ವರದಿ ಬರೆಯಲು ಅಜ್ಜಿಯಿಂದ ಹಿಡಿದು ಸಾಕುತಾಯಿಯವರೆಗೆ ಮಾತಾಡಿಸಬೇಕು. ನಂಬಿಕೆ ಇಲ್ಲದ ಕಡೆ ಆ ಮಾತು ಹೊರಡುವುದಿಲ್ಲ. ಟೊರಾಂಟೊದಲ್ಲಿ ಕೋರ್ಟ್ ವರ್ಕರ್ ಕೆಲಸ ತೀರ್ಪಿಗೂ ಮುಂಚೆಯೇ ಬೆಳೆಯುತ್ತಾ ಹೋಗಿ 1990ರಲ್ಲಿ ಅಬೊರಿಜಿನಲ್ ಲೀಗಲ್ ಸರ್ವಿಸಸ್ ಎಂಬ ಪ್ರತ್ಯೇಕ ಸಂಸ್ಥೆಯೇ ಆಯಿತು.

ಹೊಗೆ, ವೃತ್ತ, ಕಾಗದದ ಚೀಲ

ಸಭೆಗೆ ಮುಂಚೆ ಸ್ಮಜ್ ಮಾಡುವುದು ಹಲವು ಫಸ್ಟ್ ನೇಷನ್ಸ್ ಕಡೆ ರೂಢಿ. ಚಿಪ್ಪಿನಲ್ಲೋ ಬಟ್ಟಲಲ್ಲೋ ಒಣ ಸೇಜ್ ಎಲೆಯನ್ನಿಟ್ಟು ಹೊತ್ತಿಸಿ, ಉರಿ ಆರಿಸಿ, ಹೊಗೆಯನ್ನು ಗರಿಯಿಂದ ಬೀಸುತ್ತಾರೆ. ಒಬ್ಬೊಬ್ಬರೂ ಕೈಯಲ್ಲಿ ಹೊಗೆ ಬಾಚಿಕೊಂಡು ಕಣ್ಣು, ಕಿವಿ, ಬಾಯಿ, ಎದೆಗೆ ಸವರಿಕೊಳ್ಳುತ್ತಾರೆ, ನಾವು ಮಂಗಳಾರತಿ ತೆಗೆದುಕೊಳ್ಳುವ ಹಾಗೆ. ಬಾಡಿಗೆ ಕಟ್ಟಡದಲ್ಲಿ ಇದಕ್ಕೆ ತಯಾರಿ ಬೇಕು. ಕಟ್ಟಡದ ಮೇಲ್ವಿಚಾರಕರಿಗೆ ಮೊದಲೇ ತಿಳಿಸದಿದ್ದರೆ ಹೊಗೆ ಅಲಾರಾಂ ಕೂಗಿ, ಅಗ್ನಿಶಾಮಕದವರು ಬಂದು, ಅಜ್ಜಿಯ ಪ್ರಾರ್ಥನೆ ಅರ್ಧಕ್ಕೇ ನಿಲ್ಲುತ್ತದೆ. ಎಲ್ಲಿ, ಯಾವಾಗ, ಎಷ್ಟು ಹೊತ್ತು ಎಂದು ಬರೆದು ಕೊಡುವುದು, ಗಾಳಿ ಹೊರಹೋಗುವ ಕೋಣೆ ಆರಿಸುವುದು, ಆಸ್ತಮಾ ಇರುವವರಿಗೆ ಬಾಗಿಲ ಬಳಿ ಜಾಗ ಬಿಡುವುದು, ಇಷ್ಟು ಮಾಡಿದರೆ ಸರಿಹೋಗುತ್ತದೆ. ಇನುಯಿಟ್ ಜನರಲ್ಲಿ ಈ ರೂಢಿಯಿಲ್ಲ. ಅವರು ಕುಲ್ಲಿಕ್ ಎಂಬ ಕಲ್ಲಿನ ದೀಪ ಹಚ್ಚುತ್ತಾರೆ. ಎಲ್ಲ ಮೂಲನಿವಾಸಿಗಳಿಗೂ ಒಂದೇ ಆಚರಣೆ ಎಂದು ಹೊರಟ ಕೇಂದ್ರಗಳಲ್ಲಿ ಇನುಯಿಟ್ ಮಂದಿ ಪರಕೀಯರಾಗಿಬಿಡುತ್ತಾರೆ. ಒಟ್ಟಾವದಲ್ಲಿ ಇನುಯಿಟ್ ಜನರಿಗೆಂದೇ ತುಂಗಾಸುವ್ವಿಂಗಟ್ ಇನುಯಿಟ್ 1987ರಿಂದ ಕೆಲಸ ಮಾಡುತ್ತಿರುವುದು ಸುಮ್ಮನೆ ಅಲ್ಲ.

ಮಾತಿನ ವೃತ್ತದಲ್ಲಿ ಗರಿಯೋ ಕಲ್ಲೋ ಕೈಯಿಂದ ಕೈಗೆ ಹೋಗುತ್ತದೆ. ಅದು ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡಬೇಕು. ಮಾತು ಬೇಡವೆಂದರೆ ಹಾಗೇ ಮುಂದಕ್ಕೆ ಕೊಡಬಹುದು. ನಡುವೆ ಸಮಾಧಾನ ಹೇಳುವಂತಿಲ್ಲ, ಸಲಹೆ ಕೊಡುವಂತಿಲ್ಲ. ಅತ್ತವರು ಕಣ್ಣೊರೆಸಿದ ಕಾಗದವನ್ನು ಕಸದಬುಟ್ಟಿಗೆ ಹಾಕುವುದಿಲ್ಲ. ಒಂದು ಕಾಗದದ ಚೀಲ ಸುತ್ತು ಬರುತ್ತದೆ, ಎಲ್ಲವೂ ಅದರೊಳಗೆ. ಕೊನೆಗೆ ಹೊರಗೆ ಉರಿಯುತ್ತಿರುವ ಪವಿತ್ರ ಅಗ್ನಿಗೆ ಅದನ್ನು ಅರ್ಪಿಸುತ್ತಾರೆ. ವಸತಿ ಶಾಲೆಗಳ ಬಗ್ಗೆ ವಿಚಾರಣೆ ನಡೆಸಿದ ಸತ್ಯ ಮತ್ತು ಸಾಮರಸ್ಯ ಆಯೋಗದ ದೊಡ್ಡ ಸಭೆಗಳಲ್ಲೂ ಹೀಗೇ ಮಾಡಿದರು. ಆಯೋಗ 2008ರಲ್ಲಿ ಶುರುವಾಗಿ, 2015ರಲ್ಲಿ 94 ಕ್ರಮಗಳ ಕರೆ ಕೊಟ್ಟಿತು. ಅದರ ಹೆಸರಿನಲ್ಲಿ ಸತ್ಯ ಮೊದಲು, ಸಾಮರಸ್ಯ ಆಮೇಲೆ. ಆ ಸತ್ಯ ಹೇಳಿ ಮನೆಗೆ ಹೋದವರು ಮರುದಿನ ಬೆಳಿಗ್ಗೆ ಕಾಫಿಗೆ ಎಲ್ಲಿ ಹೋಗಬೇಕು? ಆಯೋಗ ಊರು ಬಿಟ್ಟು ಹೊರಟ ಮೇಲೂ ತೆರೆದಿದ್ದ ಬಾಗಿಲು ಈ ಕೇಂದ್ರಗಳದ್ದು.

ವಾಲ್ದೋರ್‌ನಲ್ಲಿ ನಡೆದದ್ದು

ಕ್ವಿಬೆಕ್‌ನ ಚಿನ್ನದ ಗಣಿಯ ಊರು ವಾಲ್ದೋರ್. ಸುತ್ತಲಿನ ಅನಿಶಿನಾಬೆ ಮತ್ತು ಕ್ರೀ ಜನ ಆಸ್ಪತ್ರೆಗೆ, ಸಂತೆಗೆ, ಕೆಲಸಕ್ಕೆ ಇಲ್ಲಿಗೇ ಬರಬೇಕು. 1974ರಿಂದ ಇಲ್ಲಿ ಕೇಂದ್ರವಿದೆ. ಕೇಂದ್ರದೊಳಗೇ ಮಿನೋವೆ ಎಂಬ ಕ್ಲಿನಿಕ್: ಸಾರ್ವಜನಿಕ ಆರೋಗ್ಯ ವ್ಯವಸ್ಥೆಯ ನರ್ಸು ಇಲ್ಲಿಗೆ ಬಂದು ಕೂರುತ್ತಾರೆ. ಗರ್ಭಿಣಿ ಆಸ್ಪತ್ರೆಯ ಕಾರಿಡಾರಿನಲ್ಲಿ ಅವಮಾನ ನುಂಗುವ ಬದಲು ಪರಿಚಯದ ಮುಖಗಳ ನಡುವೆ ತಪಾಸಣೆ ಮಾಡಿಸಿಕೊಳ್ಳಬಹುದು. ಪ್ರತಿ ಮಾರ್ಚ್ 21ರಂದು, ವರ್ಣಭೇದ ನಿರ್ಮೂಲನಾ ದಿನ, ಊರಿನ ಬಿಳಿಯ ಶಾಲಾಮಕ್ಕಳೂ ಸೇರಿ ಗೇಬ್ರಿಯಲ್ ಕಮಾಂಡಾ ಹೆಸರಿನ ನಡಿಗೆ ಹೊರಡುತ್ತದೆ. ಚಿನ್ನ ಎಲ್ಲಿದೆ ಎಂದು ಗಣಿಗಾರರಿಗೆ ತೋರಿಸಿದನೆಂದು ಊರು ನೆನೆಯುವ ಮೂಲನಿವಾಸಿ ಆತ.

2015ರ ಅಕ್ಟೋಬರ್‌ನಲ್ಲಿ ಇಲ್ಲಿನ ಹೆಂಗಸರು ಪ್ರಾಂತ್ಯದ ಪೊಲೀಸರ ದೌರ್ಜನ್ಯದ ಬಗ್ಗೆ ಟಿವಿಯಲ್ಲಿ ಮುಖ ತೋರಿಸಿ ಮಾತಾಡಿದರು. ವರ್ಷಗಳ ಕಾಲ ಕಟ್ಟಿಕೊಂಡಿದ್ದ ಮಾತು. ಅವರ ಬೆನ್ನಿಗೆ ನಿಂತದ್ದು ಕೇಂದ್ರ ಮತ್ತು ಅದರ ನಿರ್ದೇಶಕಿ ಎಡಿತ್ ಕ್ಲೂಟಿಯೆ. ಒಂದು ವರ್ಷದ ಬಳಿಕ ಬಹುತೇಕ ಪ್ರಕರಣಗಳಲ್ಲಿ ಮೊಕದ್ದಮೆ ಹೂಡುವುದಿಲ್ಲ ಎಂಬ ಉತ್ತರ ಬಂದಾಗ ಹೆಂಗಸರು ಕುಸಿದುಹೋದರು. ಆದರೂ ಮಾತು ಅಲ್ಲಿಗೆ ನಿಲ್ಲಲಿಲ್ಲ. ಮೂಲನಿವಾಸಿಗಳನ್ನು ಪ್ರಾಂತ್ಯದ ಸೇವೆಗಳು ಹೇಗೆ ನಡೆಸಿಕೊಳ್ಳುತ್ತವೆ ಎಂದು ವಿಚಾರಿಸಲು ವಿಯೆನ್ಸ್ ಆಯೋಗ ನೇಮಕವಾಯಿತು. 2019ರ ಸೆಪ್ಟೆಂಬರ್ 30ರಂದು 142 ಶಿಫಾರಸುಗಳ ವರದಿ ಬಂತು, ಎರಡು ದಿನಗಳಲ್ಲಿ ಕ್ವಿಬೆಕ್ ಮುಖ್ಯಸ್ಥರು ವಿಧಾನಸಭೆಯಲ್ಲಿ ಕ್ಷಮೆ ಕೇಳಿದರು. ಕೋರ್ಟಿನಲ್ಲಿ ಆ ಹೆಂಗಸರಿಗೆ ನ್ಯಾಯ ಸಿಕ್ಕಿತೆಂದು ಹೇಳಲಾಗದು. ಆದರೆ ಮಾತಾಡಿದ ಮರುದಿನ ಅವರು ಒಂಟಿಯಾಗಲಿಲ್ಲ. ಅದಕ್ಕೆ ಬೇಕಾದ ನಂಬಿಕೆ ನಲವತ್ತು ವರ್ಷ ಊಟ ಬಡಿಸಿ ಗಳಿಸಿದ್ದು.

ಎಲ್ಲಿ ಕೆಡುತ್ತದೆ

ಹಣದಲ್ಲಿ. ಅನುದಾನದ ಹೆಚ್ಚಿನ ಭಾಗ ಯೋಜನೆಗಳ ರೂಪದಲ್ಲಿ ಬರುತ್ತದೆ, ಮಾರ್ಚ್ 31ಕ್ಕೆ ವರ್ಷ ಮುಗಿಯುತ್ತದೆ. ಹೊಸ ಒಪ್ಪಂದಕ್ಕೆ ಸಹಿ ಬೀಳುವುದು ತಡವಾದರೆ ಏಪ್ರಿಲ್, ಮೇ ತಿಂಗಳ ಸಂಬಳ ಎಲ್ಲಿಂದ? ಸಿಬ್ಬಂದಿ ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ, ಅವರ ಜೊತೆ ಅವರು ಗಳಿಸಿದ ನಂಬಿಕೆಯೂ ಹೋಗುತ್ತದೆ. ಹೊಸಬರು ಬಂದಾಗ ಆ ತಾಯಿ ತನ್ನ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಬೇಕು. ಹತ್ತು ಕಡೆಯ ಹಣವಿದ್ದರೆ ಹತ್ತು ನಮೂನೆಯ ವರದಿ. ಎಷ್ಟು ಜನ ಬಂದರು ಎಂದು ಎಣಿಸುವ ಕಾಲಂ ಇರುತ್ತದೆ, ಮೂರು ವಾರ ಮಣಿ ಪೋಣಿಸುತ್ತಾ ಕೂತವರಿಗೆ ಕಾಲಂ ಇರುವುದಿಲ್ಲ.

ಸೆಪ್ಟೆಂಬರಿನಲ್ಲಿ ಇನ್ನೊಂದು ಬಗೆಯ ತೊಂದರೆ. 2021ರಿಂದ ಸೆಪ್ಟೆಂಬರ್ 30 ಸತ್ಯ ಮತ್ತು ಸಾಮರಸ್ಯದ ರಾಷ್ಟ್ರೀಯ ದಿನ, ಎಲ್ಲರೂ ಕಿತ್ತಳೆ ಅಂಗಿ ತೊಡುವ ದಿನ. ಆರು ವರ್ಷದ ಫಿಲಿಸ್ ವೆಬ್‌ಸ್ಟಾಡ್‌ಗೆ ಅಜ್ಜಿ ಕೊಡಿಸಿದ್ದ ಹೊಸ ಕಿತ್ತಳೆ ಅಂಗಿಯನ್ನು ಶಾಲೆಯ ಮೊದಲ ದಿನವೇ ಕಿತ್ತುಕೊಂಡದ್ದರ ನೆನಪು ಅದು. ಆ ವಾರ ಬ್ಯಾಂಕುಗಳೂ ಕಂಪನಿಗಳೂ ‘ಹತ್ತು ನಿಮಿಷ ಮಾತಾಡಲು ಒಬ್ಬ ಹಿರಿಯರನ್ನು ಕಳಿಸಿ’ ಎಂದು ಕೇಂದ್ರಕ್ಕೆ ಫೋನ್ ಮಾಡುತ್ತವೆ. ಅಲ್ಲಿ ಹಿರಿಯರು ಎಂದರೆ ವಯಸ್ಸಾದವರೆಲ್ಲ ಅಲ್ಲ, ಜ್ಞಾನಕ್ಕಾಗಿ ಸಮುದಾಯ ಒಪ್ಪಿಕೊಂಡವರು. ಅವರನ್ನು ಕರೆಯುವ ರೀತಿ ಬೇರೆ. ಒಂದೆರಡು ತಿಂಗಳು ಮೊದಲೇ ಕೇಳಬೇಕು. ಅನಿಶಿನಾಬೆ, ಕ್ರೀ ಮೊದಲಾದವರಲ್ಲಿ ಬೇಡಿಕೆ ಇಡುವ ಮುನ್ನ ಸಣ್ಣ ಬಟ್ಟೆಯಲ್ಲಿ ಕಟ್ಟಿದ ಹೊಗೆಸೊಪ್ಪು ಕೊಡುತ್ತಾರೆ. ಎಲ್ಲ ಸಮುದಾಯಕ್ಕೂ ಇದು ಹೊಂದುವುದಿಲ್ಲ, ಕೇಂದ್ರದವರನ್ನು ಕೇಳಿ ತಿಳಿಯಬೇಕು. ಅವರು ಹೊಗೆಸೊಪ್ಪು ಸ್ವೀಕರಿಸಿದರೆ ಒಪ್ಪಿದ ಹಾಗೆ. ಕರೆತರಲು ವಾಹನ, ಜೊತೆಗೆ ಬರುವ ಸಹಾಯಕರಿಗೂ ಊಟ, ಗೌರವಧನ ಅದೇ ದಿನ ಲಕೋಟೆಯಲ್ಲಿ. ಎಪ್ಪತ್ತೈದು ವಯಸ್ಸಿನವರ ಕೈಗೆ ‘ಮಾರಾಟಗಾರರ ನೋಂದಣಿ ಫಾರಂ’ ಕೊಟ್ಟು ಎರಡು ತಿಂಗಳು ಕಾಯಿಸುವುದು ಈಗಲೂ ನಡೆಯುತ್ತದೆ, ನಡೆಯಬಾರದು.

ಕೆನಡಾದ ಕನ್ನಡಿಗರಿಗೆ

ಪೌರತ್ವ ಪಡೆಯುವ ಕನ್ನಡಿಗರು ಬಲಗೈ ಎತ್ತಿ ಹೇಳುವ ಪ್ರಮಾಣವಚನ 2021ರ ಜೂನ್‌ನಲ್ಲಿ ಬದಲಾಯಿತು. ಆಯೋಗದ 94ನೇ ಕರೆಯ ಫಲ ಅದು. ಫಸ್ಟ್ ನೇಷನ್ಸ್, ಇನುಯಿಟ್, ಮೆಟೀ ಜನರ ಹಕ್ಕುಗಳನ್ನೂ ಒಪ್ಪಂದಗಳ ಹಕ್ಕುಗಳನ್ನೂ ಸಂವಿಧಾನ ಮಾನ್ಯ ಮಾಡಿದೆ ಎಂದು ನಾವೇ ಬಾಯಿಬಿಟ್ಟು ಹೇಳುತ್ತೇವೆ. ಹೇಳಿದ ಮೇಲೆ ಆ ಜನರನ್ನು ಒಮ್ಮೆಯಾದರೂ ಭೇಟಿ ಮಾಡದೆ ಇರುವುದು ಸರಿಯಲ್ಲ. ಸುಲಭದ ದಾರಿ ಹತ್ತಿರದ ಕೇಂದ್ರ ಎಲ್ಲರಿಗೂ ತೆರೆದು ನಡೆಸುವ ಕಾರ್ಯಕ್ರಮ: ಜೂನ್ 21ರ ಮೂಲನಿವಾಸಿಗಳ ದಿನ, ಬೇಸಿಗೆಯ ಪೌವೌ ಎಂಬ ಕುಣಿತದ ಹಬ್ಬ, ಕರಕುಶಲ ಮಾರಾಟ. ಮಾತಿನ ವೃತ್ತ, ಹಿರಿಯರ ಸಲಹೆಯಂಥವು ಅವರವರಿಗೆ ಮೀಸಲು, ಅಲ್ಲಿ ಕುತೂಹಲಕ್ಕೆ ಇಣುಕಬಾರದು.

ಪೌವೌದಲ್ಲಿ ಮೊದಲ ಮೆರವಣಿಗೆ ಒಳಗೆ ಬರುವಾಗ ಎದ್ದು ನಿಲ್ಲಬೇಕು. ಆ ಹೊತ್ತಿನಲ್ಲಿ ಮತ್ತು ಪ್ರಾರ್ಥನೆಯ ವೇಳೆ ಫೋಟೊ ಬೇಡ. ಕುಣಿಯುವವರ ಉಡುಪನ್ನು ‘ವೇಷ’ ಎನ್ನಬಾರದು, ಅದು ರೆಗಾಲಿಯಾ. ಕೆಲವು ಗರಿ ಅಜ್ಜನಿಂದ ಬಂದವು, ಕೇಳದೆ ಮುಟ್ಟಬಾರದು. ಗರಿ ನೆಲಕ್ಕೆ ಬಿದ್ದರೆ ಎತ್ತಲು ಹೋಗದೆ ಹತ್ತಿರದ ಕಾರ್ಯಕರ್ತರಿಗೆ ತಿಳಿಸಬೇಕು. ನಿರೂಪಕರು ‘ಇಂಟರ್‌ಟ್ರೈಬಲ್’ ಎಂದು ಕೂಗಿದಾಗ ಮಾತ್ರ ಅಂಗಳ ಎಲ್ಲರದ್ದು. ಆಗ ಮಕ್ಕಳ ಕೈ ಹಿಡಿದು ಒಳಗೆ ಹೋಗಿ, ಉಳಿದವರು ಯಾವ ದಿಕ್ಕಿಗೆ ಸುತ್ತುತ್ತಿದ್ದಾರೋ ಆ ದಿಕ್ಕಿಗೇ ಸುತ್ತಿ, ತಮಟೆಯ ಪೆಟ್ಟಿಗೆ ಸರಿಯಾಗಿ ಹೆಜ್ಜೆ ಹಾಕಿ.